ಉಣ್ಣೆ ದಾರದ ಹುಂಜ

ಬೇವಿನೆಣ್ಣೆಗೆ ಅರಿಶಿನ ಹಾಕಿ ಕಾಯಿಸಿದ ಕಹಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಕುಲಗೋಡದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹೋಗಿ ನಿಂತುಬಿಡುತ್ತೇನೆ. ಆ ಮನೆ ಈಗಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುತ್ತವೆ. ಉಣ್ಣೆ, ಜೋಳದ ಹಿಟ್ಟು, ಕಟ್ಟಿಗೆಯ ಹೊಗೆ ಎಲ್ಲ ಕಲೆತು ನಾರುತ್ತಿದ್ದ ಆ ಕುರಿಗಾರರ ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಆಡಿದ್ದೇ ಕಡೆಯ ಮಾತು. ಊರಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಅಪ್ಪನೂ ಆಕೆಯ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ನನ್ನ ಬಾಲ್ಯದ ಒಂದು ಚಳಿಗಾಲ ಗಂಗತ್ತಿ ಹೆರಿಗೆಗೆಂದು ಹುಕ್ಕೇರಿಯಿಂದ ತವರಿಗೆ ಬಂದಿದ್ದಳು. ಅಪ್ಪನ ಒಬ್ಬಳೇ ತಂಗಿ, ನನಗೆ ಸೋದರತ್ತೆ. ಅವಳ ಮೊದಲ ಕೂಸು ಉಳಿದಿರಲಿಲ್ಲ. ಈ ಸಲ ಎಲ್ಲ ಸುಸೂತ್ರವಾದರೆ ಹುಂಜ ಕೊಡುತ್ತೇನೆಂದು ಆಯಿ ದ್ಯಾಮವ್ವನಿಗೆ ಹರಕೆ ಹೊತ್ತಿದ್ದಳು. ಹರಕೆಯ ಹುಂಜವನ್ನು ಯಾರಾದರೂ ಮರೆತು ಬೀಗರೂಟಕ್ಕೆ ಕೊಯ್ದುಬಿಟ್ಟಾರೆಂದು ಅದರ ಎರಡೂ ಕಾಲಿಗೆ ಕೈಯಾರೆ ನೂತ ಕರಿ ಉಣ್ಣೆಯ ದಾರ ಕಟ್ಟುವುದು ನಮ್ಮ ಮನೆಯ ಪದ್ಧತಿ. ಆ ದಾರವನ್ನು ಬಿಚ್ಚುವುದು ದೇವಿಯ ಮುಂದೆ ಮಾತ್ರ. ಮಗಳು ಬಸುರಿ ಎಂದು ತಿಳಿದದ್ದೇ ತಡ, ಆಯಿ ಆತುರಪಟ್ಟು ಇನ್ನೂ ಜುಟ್ಟು ಮೂಡದ ಮರಿಗೇ ದಾರ ಕಟ್ಟಿಬಿಟ್ಟಳು. ಮರಿ ಬೆಳೆಯಿತು, ದಾರ ಬೆಳೆಯಲಿಲ್ಲ. ಸಾಲದ್ದಕ್ಕೆ ಕಾಲುವೆಯ ನೀರು ನಿಂತ ಕಬ್ಬಿನ ಸಾಲಿನಲ್ಲಿ ಅದು ದಿನವೂ ಮೇಯುತ್ತಿತ್ತು. ನೆನೆದ ಉಣ್ಣೆ ಒಣಗಿದಂತೆಲ್ಲ ಬಿಗಿಯಾಯಿತು.

ನಾವು ನೋಡುವ ಹೊತ್ತಿಗೆ ದಾರ ಚರ್ಮದೊಳಗೆ ಹೂತಿತ್ತು. ಬೆರಳುಗಳು ಮೊದಲು ಬಾತವು, ಆಮೇಲೆ ತುದಿಯಿಂದ ಕಪ್ಪಾಗುತ್ತ ಬಂದವು. ಮುಟ್ಟಿದರೆ ತಣ್ಣಗಿರುತ್ತಿದ್ದವು. ಹುಂಜ ಕೂಗುವುದನ್ನು ಬಿಟ್ಟಿತು. ಆಯಿ ಅದನ್ನು ಕಂಬಳಿಯ ತುಂಡಿನ ಮೇಲೆ ಮಲಗಿಸಿ, ಕಾಲಿಗೆ ಉಗುರುಬೆಚ್ಚನೆಯ ನೀರು ಹನಿಸಿ, ಗರಿಯಿಂದ ಎಣ್ಣೆ ಸವರುತ್ತಿದ್ದಳು. ದಾರವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ದಾರಾ ಕತ್ತರಿಸವ್ವಾ, ಅದರ ಒದ್ದಾಟ ನೋಡಾಕ ಆಗವಲ್ದು," ಅಂದಳು ಗಂಗತ್ತಿ.

"ಕತ್ತರಿಸಿದ್ರ ಹರಕಿ ಮುರೀತೈತಿ. ಹೊಟ್ಯಾಗ ಕೂಸ ಇಟ್ಕೊಂಡು ಹಂಗ ಅನಬ್ಯಾಡ," ಅಂದಳು ಆಯಿ.

ಅಂದಿನಿಂದ ಮನೆಯಲ್ಲಿ ಎಲ್ಲರೂ ಮೊದಲು ಆ ಕಪ್ಪು ಬೆರಳುಗಳನ್ನು ನೋಡುತ್ತಿದ್ದರು, ಆಮೇಲೆ ಅತ್ತಿಯ ಹೊಟ್ಟೆಯನ್ನು. ನನಗೂ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಆಯಿ ಹಿಟ್ಟಿನ ಗಿರಣಿಗೆ ಹೋದಾಗ, ಗಂಗತ್ತಿ ಉಣ್ಣೆ ಕತ್ತರಿಸುವ ಕತ್ರಿ ತಂದು, ಕಾಲು ಚಾಚಿ ಕೂತು, ಹುಂಜವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ದಾರ ಕತ್ತರಿಸಿದಳು. "ಒಂದ ಜೀವಾ ಹಿಂಡಿ ಇನ್ನೊಂದ ಜೀವಾ ನನಗ ಬ್ಯಾಡ," ಎಂದು ನನಗೆ ಹೇಳಿದಳು. ಮರಳಿ ಬಂದ ಆಯಿ ನೆಲದ ಮೇಲಿನ ದಾರದ ಚೂರು ನೋಡಿ ಹೊಸ್ತಿಲಲ್ಲೇ ಕೂತಳು. ಆಕೆ ಬೈಯದೇ ಇದ್ದದ್ದಕ್ಕೆ ನನಗೆ ಅಳು ಬಂತು. ಸ್ವಲ್ಪ ಹೊತ್ತಿಗೆ ಎದ್ದು ದೇವಿಗೆ ದೀಪ ಹಚ್ಚಿ, ಎಣ್ಣೆ ಕಾಯಿಸಲು ಇಟ್ಟಳು. ಮುಂದೆ ತಾಯಿ ಮಗಳಿಬ್ಬರೂ ಕೂಡಿಯೇ ಆ ಕಾಲಿಗೆ ಎಣ್ಣೆ ಹಚ್ಚಿದರು. ಬೆರಳುಗಳು ಒಣಗಿದ ಹುಣಸೆಯ ಚೂರಿನಂತೆ ಉದುರಿದವು, ಆದರೆ ಗಾಯ ಮಾಯಿತು. ಒಂದು ಬೆಳಿಗ್ಗೆ ಹುಂಜ ಒಡಕು ದನಿಯಲ್ಲಿ ಕೂಗಿತು. ಗಂಗತ್ತಿ ನಕ್ಕಳು, ಆಯಿ ನಗಲಿಲ್ಲ.

ಹೆರಿಗೆ ಬ್ಯಾನಿ ಶುರುವಾದಾಗ ಅತ್ತಿಯನ್ನು ಜೀಪಿನಲ್ಲಿ ಗೋಕಾಕಕ್ಕೆ ಒಯ್ದರು. ಕೂಸು ಮನೆಗೆ ಬಂತು, ಗಂಗತ್ತಿ ಬರಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಬಂದವರ ಕಣ್ಣೆಲ್ಲ ಅಂಗಳದಲ್ಲಿ ಕುಂಟುತ್ತಿದ್ದ ಹುಂಜದ ಮೇಲೆ. ಅದನ್ನು ಊರ ಹೊರಗೆ ಬಿಟ್ಟು ಬರಲು ಒಬ್ಬ ಮುದುಕಿ ಹೇಳಿಯೇಬಿಟ್ಟಳು. "ನನ್ನ ಮಗಳು ಉಳಿಸಿದ್ದೈತಿ, ಇರಲಿ," ಅಂದಳು ಆಯಿ. ಆ ದಾರ ಕತ್ತರಿಸಿದ್ದೇ ಮಗಳನ್ನು ಒಯ್ದಿತೆಂದು ಆಕೆ ನಂಬಿದ್ದಳು. ಅದನ್ನು ನಾನು ಆಕೆಯ ಮುಖದಲ್ಲಿ ಕಂಡಿದ್ದೇನೆ. ಹಾಗಿದ್ದೂ ದಿನಾ ಸಂಜೆ ಹುಂಜವನ್ನು ಹಿಡಿದು ತಂದು ಆ ಮೋಟು ಕಾಲಿಗೆ ಎಣ್ಣೆ ಸವರುತ್ತಿದ್ದಳು.

ಹುಕ್ಕೇರಿಯಲ್ಲಿ ಬೆಳೆದ ಗಂಗತ್ತಿಯ ಮಗ ಮಾತು ಬಂದ ಮೇಲೆ ಒಂದು ಬೇಸಿಗೆ ನಮ್ಮಲ್ಲಿಗೆ ಬಂದ. ಆಯಿಯ ಮಗ್ಗುಲಲ್ಲಿ ಕೂತು ಹುಂಜದ ಕಾಲು ಮುಟ್ಟಿ, "ಇದರ ಬೆರಳ ಎಲ್ಲಿ ಹೋದುವು?" ಎಂದು ಕೇಳಿದ.

"ಉದುರಿದುವಪ್ಪಾ," ಅಂದಳು ಆಯಿ. "ಜೀವಾ ನಿಮ್ಮವ್ವ ಉಳಿಸ್ಯಾಳ."

ಅಷ್ಟು ಹೇಳಿ ಎಣ್ಣೆಯ ಬಟ್ಟಲನ್ನು ಅವನ ಕಡೆ ಸರಿಸಿದಳು.