ಎಡ ಮೂಲೆಯ ಹಿಡಿತ

ಮೊದಲು ಖರ್ಚು ಹೇಳಿಬಿಡುತ್ತೇನೆ. ಮುಂಬಯಿಯ ಬಟ್ಟೆ ಗಿರಣಿಯೊಂದರ ಕಬಡ್ಡಿ ತಂಡದಲ್ಲಿ ಎಡ ಮೂಲೆಯ ಹಿಡಿತಗಾರನಾಗಿ ನಾನು ನಾಲ್ಕು ಸೀಸನ್ ಆಡಿದೆ. ಅದಕ್ಕೆ ಹೋದದ್ದು ಎದುರಿನ ಒಂದು ಹಲ್ಲು, ಎಡ ಮೊಣಕಾಲು, ಬಲಗೈಯ ಎರಡು ಬೆರಳು. ಬೆರಳುಗಳು ಇವೆ, ಆದರೆ ಮಡಚುವುದಿಲ್ಲ. ಅನ್ನ ಕಲಸುವಾಗ ಉಳಿದ ಮೂರು ದುಡಿಯುತ್ತವೆ, ಇವೆರಡು ದೂರ ನಿಂತು ನೋಡುತ್ತವೆ. ಹಲ್ಲು ಆಟದಲ್ಲಿ ಹೋಯಿತು, ಅದಕ್ಕೆ ಯಾರನ್ನೂ ದೂರುವುದಿಲ್ಲ. ಮೊಣಕಾಲಿನದೂ ಹಾಗೆಯೇ. ಬೆರಳು ಮಾತ್ರ ನನ್ನ ಜಾಣತನದಿಂದ ಹೋದದ್ದು. ಅದನ್ನು ಬರೆಯಬೇಕು.

ಐವತ್ತರ ದಶಕದ ನಡುವಿನ ಮಾತು. ಉಡುಪಿ ಕಡೆಯಿಂದ ಬಂದ ನಾನು ಮಾಟುಂಗದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದೆ. ಕೈಮೇಲೆ ಆರು ಪ್ಲೇಟು ಹೊತ್ತುಕೊಂಡು ಇಕ್ಕಟ್ಟಿನ ಹಾದಿಯಲ್ಲಿ ನಡೆಯುವವನು ಎದುರು ಬರುವವನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಮುಖ ಸುಳ್ಳು ಹೇಳಬಹುದು. ಕಾಲು ಯಾವ ಕಡೆ ತಿರುಗಿದೆಯೋ ಮನುಷ್ಯ ಆ ಕಡೆಗೇ ಬರುತ್ತಾನೆ. ರಜೆಯ ದಿನ ಪರೇಲಿನ ಮೈದಾನದಲ್ಲಿ ಗಿರಣಿಯವರ ಜೊತೆ ಆಡಲು ನಿಂತಾಗ ಇದೇ ವಿದ್ಯೆ ಕೆಲಸಕ್ಕೆ ಬಂತು. ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದವನು ಮೂಲೆಯವನನ್ನು ಮುಟ್ಟಲು ಕಾಲು ಚಾಚಲೇ ಬೇಕು. ಚಾಚಿದ ಆ ಕ್ಷಣ ಅವನು ಒಂಟಿ ಕಾಲಿನವನು. ನಾನು ಪಾದದ ಗಂಟಿಗೆ ಬೀಳುತ್ತಿದ್ದೆ.

ತಂಡದ ಕ್ಯಾಪ್ಟನ್ ನನ್ನನ್ನು ಗಿರಣಿಯ ಲೇಬರ್ ಆಫೀಸರ ಬಳಿಗೆ ಕರೆದುಕೊಂಡು ಹೋದ. ಆಡಿದ ದಿನಕ್ಕೆ ಭತ್ಯೆ ಕೊಡುತ್ತೇನೆ ಎಂದರು ಸಾಹೇಬರು. ನಾನು ಭತ್ಯೆ ಬೇಡ, ಹಾಜರಿ ಕೊಡಿ ಎಂದೆ. ಅವರು ನನ್ನನ್ನು ಎರಡನೇ ಸಲ ನೋಡಿದ್ದು ಆಗ. ಹೊಸಬರನ್ನು ಗಿರಣಿಗೆ ಬದಲಿ ಎಂದು ತೆಗೆದುಕೊಳ್ಳುತ್ತಿದ್ದರು. ಬದಲಿಯವನು ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಬೇಕು. ಒಳಗೆ ಯಾರಾದರೂ ಗೈರಾಗಿದ್ದರೆ ಕೆಲಸ, ಇಲ್ಲದಿದ್ದರೆ ವಾಪಸ್ ಮನೆಗೆ. ಹಾಜರಿ ತುಂಬಿದವನಿಗೆ ಮಾತ್ರ ಪರ್ಮನೆಂಟ್ ಆಗುವ ದಾರಿ. ಭತ್ಯೆಯನ್ನು ಸಂಜೆಗೆ ತಿಂದು ಮುಗಿಸುತ್ತೇವೆ, ಹಾಜರಿ ಉಳಿಯುತ್ತದೆ. ಮ್ಯಾಚಿನ ದಿನವೂ ಹಾಜರಿ ಎಂದು ಅವರು ಒಪ್ಪಿದರು. ಹೀಗೆ ನಾನು ಬದಲಿಯಾದೆ, ಗೇಟಿನಲ್ಲಿ ಕೆಲಸ ಸಿಗದ ದಿನ ಹೋಟೆಲಿಗೇ ಹೋಗುತ್ತಿದ್ದೆ.

ಮೂಲೆಯವನು ಒಬ್ಬನೇ ನಿಲ್ಲುವುದಿಲ್ಲ. ಪಕ್ಕದವನ ಕೈ ಹಿಡಿದಿರುತ್ತಾನೆ. ನಾನು ಕಾಲಿಗೆ ಬಿದ್ದರೆ ಪಕ್ಕದವನು ಸೊಂಟಕ್ಕೆ ಬೀಳಬೇಕು, ಇಲ್ಲದಿದ್ದರೆ ಗಟ್ಟಿ ಆಳು ನನ್ನನ್ನು ಎಳೆದುಕೊಂಡೇ ನಡುಗೆರೆ ದಾಟುತ್ತಾನೆ. ನನ್ನ ಜೋಡಿ ಬೆಳಗಾವಿ ಕಡೆಯವನು, ನನಗಿಂತ ಆರೇಳು ವರ್ಷ ದೊಡ್ಡವನು. ಚಾಳಿನ ಒಂದು ಖೋಲಿಯಲ್ಲಿ ಹೆಂಡತಿ, ಮೂರು ಮಕ್ಕಳು, ಒಬ್ಬ ಭಾವಮೈದ. ಅವನೂ ಬದಲಿಯೇ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಇಡ್ಲಿ ಎನ್ನುತ್ತಿದ್ದ.

ನಾಲ್ಕನೇ ಸೀಸನ್ನಿನಲ್ಲಿ ಗಿರಣಿಗಳ ನಡುವಿನ ಶೀಲ್ಡಿನ ಫೈನಲ್‌ಗೆ ಬಂದೆವು. ಐದು ದಿನ ಮೊದಲು ಕ್ಯಾಪ್ಟನ್ ನಮ್ಮಿಬ್ಬರನ್ನೂ ಕರೆದು ಹೇಳಿದ: ಮಗ್ಗದ ವಿಭಾಗದಲ್ಲಿ ಪರ್ಮನೆಂಟ್ ಜಾಗ ಒಂದೇ ಖಾಲಿ ಇದೆ. ಸಾಹೇಬರು ಅದನ್ನು ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡುತ್ತಾರೆ. ಯಾರಿಗೆ ಅನ್ನುವುದು ಫೈನಲ್ ನೋಡಿದ ಮೇಲೆ.

"ತಗೋಪಾ ಇಡ್ಲಿ," ಎಂದ ಅಣ್ಣ, "ನಾಳಿಂದ ನಿನ್ನ ಕೈ ಹಿಡಿಯೂದೋ, ಕುತ್ತಿಗಿ ಹಿಡಿಯೂದೋ?"

ನಕ್ಕೆವು. ಆದರೆ ಆವತ್ತು ಲೋಕಲ್ ಸ್ಟೇಷನ್ನಿಗೆ ಬೇರೆ ಬೇರೆ ಹೋದೆವು.

ಮರುದಿನದ ಪ್ರಾಕ್ಟೀಸಿನಲ್ಲಿ ನಮ್ಮವನೇ ಒಬ್ಬ ದಡಿಯ ನನ್ನ ಬಲಗೈ ಮೇಲೆ ಕುಸಿದು ಕೂತ. ಕಿರುಬೆರಳು, ಉಂಗುರದ ಬೆರಳು ಎರಡೂ ಪಕ್ಕಕ್ಕೆ ತಿರುಗಿದವು. ನಾನು ಕೈಯನ್ನು ಬನಿಯನ್ನಿನೊಳಗೆ ತೂರಿಸಿ, ಹೊಟ್ಟೆನೋವು ಎಂದು ಹೇಳಿ ಹೊರಟೆ. ಗಿರಣಿಯ ಡಿಸ್ಪೆನ್ಸರಿ ಇನ್ನೂರು ಹೆಜ್ಜೆ ದೂರ. ಅಲ್ಲಿ ಹೋದರೆ ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಬರೆದರೆ ಸಾಹೇಬರ ಟೇಬಲ್ಲಿಗೆ ಹೋಗುತ್ತದೆ, ಫೈನಲ್ಲಿಗೆ ಬೇರೆಯವನನ್ನು ನಿಲ್ಲಿಸುತ್ತಾರೆ. ಹೀಗೆ ಲೆಕ್ಕ ಹಾಕಿ, ದಾದರಿನ ಹತ್ತಿರ ತಾಲೀಮು ನಡೆಸುತ್ತಿದ್ದ ಪೈಲ್ವಾನನೊಬ್ಬನ ಬಳಿಗೆ ಹೋದೆ. ಅವನು ಬೆರಳು ಎಳೆದು ಕೂರಿಸಿ, ಅರಿಶಿನ ಸುಣ್ಣ ಮೆತ್ತಿ, "ಹದಿನೈದು ದಿನ ಅಲ್ಲಾಡಿಸಬೇಡ" ಎಂದ. ನನಗಿದ್ದದ್ದು ನಾಲ್ಕು ದಿನ.

ಯಾರಿಂದ ಮುಚ್ಚಿಟ್ಟರೂ ಕೈ ಹಿಡಿಯುವವನಿಂದ ಮುಚ್ಚಿಡಲಾಗುವುದಿಲ್ಲ, ಇದು ನನಗೆ ಹೊಳೆದದ್ದು ಮರುದಿನ ಪ್ರಾಕ್ಟೀಸಿಗೆ ನಿಂತ ಮೇಲೆ. ಅಣ್ಣ ಎಂದಿನಂತೆ ಬೆರಳಿಗೆ ಬೆರಳು ಹೆಣೆದ. ನನ್ನ ಕಣ್ಣಲ್ಲಿ ನೀರು ಬಂತು. ಅವನು ಕೈ ತಿರುಗಿಸಿ ನೋಡಿದ. ಅರಿಶಿನ ಇನ್ನೂ ಹೋಗಿರಲಿಲ್ಲ.

"ಏನಿದು, ಮದುವಿ ಮಾಡ್ಕೊಂಡು ಬಂದೀಯೇನು?"

"ಅಣ್ಣ, ಮೆಲ್ಲ ಮಾತಾಡು ಮಾರಾಯ. ಕ್ಯಾಪ್ಟನಿಗೆ ಗೊತ್ತಾಗ್ಬಾರ್ದು."

ಅವನು ಒಂದೇ ಮಾತು ಹೇಳಿದ್ದರೆ ಜಾಗ ಅವನದು. ನಾನು ಚೌಕಾಸಿಗೆ ಇಳಿದೆ. ನಾನು ಆಡದಿದ್ದರೆ ಎಡಮೂಲೆಗೆ ಯಾರು ಬರುತ್ತಾರೆ ನೋಡು ಎಂದೆ. ಪಟ್ಟಿಯಲ್ಲಿದ್ದ ಇನ್ನೊಬ್ಬ ಕಾಲು ಕಂಡರೆ ಕಣ್ಣು ಮುಚ್ಚುವವನು. ಅವನು ಹಿಡಿಯದಿದ್ದರೆ ನೀನು ಯಾರ ಸೊಂಟಕ್ಕೆ ಬೀಳುತ್ತೀ, ಸಾಹೇಬರು ಏನು ನೋಡುತ್ತಾರೆ ಎಂದೆ. ಫೈನಲ್ ಮುಗಿಯುವ ತನಕ ಯಾರಿಗೂ ಹೇಳಬೇಡ, ಆಮೇಲೆ ಜಾಗ ಯಾರಿಗೆ ಸಿಕ್ಕರೂ ಇನ್ನೊಬ್ಬ ತಕರಾರು ಮಾಡಬಾರದು ಎಂದೆ. ಅವನು ಮೀಸೆ ಕಚ್ಚುತ್ತ ಕೇಳಿದ.

"ಮುಗಿಯೂ ತನಕ ಹೇಳೂದಿಲ್ಲ. ಆದ್ರ ಬೆರಳ ಹೆಣಿಯೂದು ಬ್ಯಾಡ. ನಾ ನಿನ್ನ ಮಣಿಕಟ್ಟ ಹಿಡಿತೀನಿ."

ಒಪ್ಪಿದೆ. ಒಪ್ಪಿದ ಮೇಲೆ ಅದರ ಅರ್ಥವಾಯಿತು. ಬೆರಳು ಹೆಣೆದಿದ್ದರೆ ಬಿಡಿಸಿಕೊಳ್ಳುವುದು ನನ್ನ ಕೈಯಲ್ಲಿ. ಮಣಿಕಟ್ಟು ಅವನ ಮುಷ್ಟಿಯಲ್ಲಿದ್ದರೆ ಬಿಡುವುದು ಅವನ ಇಷ್ಟ. ನಾನು ಕಾಲಿಗೆ ಬೀಳುವ ಹೊತ್ತಿಗೆ ಅವನು ಅರೆ ಕ್ಷಣ ತಡಮಾಡಿದರೆ ಸಾಕು, ನನ್ನ ಹಿಡಿತ ತಪ್ಪುತ್ತದೆ, ನೋಡಿದವರಿಗೆ ತಪ್ಪು ನನ್ನದೆಂದೇ ಕಾಣುತ್ತದೆ. ಉಳಿದ ಮೂರು ದಿನ ಹೋಟೆಲಿನವರ ಖೋಲಿಯಲ್ಲಿ ಮಲಗಿ ನಾನು ಯೋಚಿಸಿದ್ದು ಬೆರಳಿನ ನೋವನ್ನಲ್ಲ, ಅವನ ಮುಷ್ಟಿಯನ್ನು.

ಫೈನಲ್ ದಿನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮರದ ಮೇಲೂ ಜನ. ಸಾಹೇಬರು ಕುರ್ಚಿ ಹಾಕಿಸಿಕೊಂಡು ನಮ್ಮ ಎಡಮೂಲೆಯ ಎದುರಿಗೇ ಕೂತಿದ್ದರು. ಮೊದಲ ಅರ್ಧದಲ್ಲಿ ನಾನು ಎರಡು ಹಿಡಿತ ಬಿಟ್ಟೆ. ಎರಡು ಸಲವೂ ಅಣ್ಣ ಸರಿಯಾದ ಹೊತ್ತಿಗೇ ಮಣಿಕಟ್ಟು ಬಿಟ್ಟಿದ್ದ. ಬೆರಳು ಮಡಚದೆ ಕಾಲು ಜಾರಿತು. ಜನರ ಕಡೆಯಿಂದ ಒಬ್ಬ ನನಗೆ ಕೂಗಿದ, "ಏ ಹೋಟೆಲಿನವನೇ, ಸಾಂಬಾರ್ ಕೈ ತೊಳ್ಕೊಂಡು ಬಾ." ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ, ಅದೇ ಹೆಚ್ಚು ಭಯ.

ಕೊನೆಗೆ ನಾವು ಒಂದೇ ಅಂಕ ಮುಂದೆ. ಅಂಗಳದಲ್ಲಿ ನಾವು ಉಳಿದವರು ಮೂವರು. ಕೊನೆಯ ದಾಳಿಗೆ ಅವರ ಅತ್ಯುತ್ತಮ ದಾಳಿಗಾರ ಬಂದ. ಬೋಳುತಲೆಯ, ಉದ್ದ ಉಸಿರಿನ ಆಳು. ಇಬ್ಬರನ್ನು ಮುಟ್ಟಿ ಹೋದರೆ ನಾವು ಸೋತೆವು. ಅವನು ನೇರ ನನ್ನ ಮೂಲೆಗೇ ಬಂದ. ಸಡಿಲ ಕೈ ಯಾವುದೆಂದು ಅವನಿಗೂ ಗೊತ್ತಾಗಿತ್ತು. ಭುಜ ಬಲಕ್ಕೆ ವಾಲಿಸಿದ. ನಾನು ಪಾದ ನೋಡುತ್ತಿದ್ದೆ. ಹೆಬ್ಬೆರಳು ನನ್ನ ಕಡೆ ತಿರುಗಿತು. ಇನ್ನೇನು ಬೀಳಬೇಕು, ಮಣಿಕಟ್ಟು ಇನ್ನೂ ಅಣ್ಣನ ಮುಷ್ಟಿಯಲ್ಲಿದೆ.

ಬಿಟ್ಟ.

ನಾನು ಮುರಿದ ಕೈಯನ್ನು ಕೆಳಗೆ, ಗಟ್ಟಿ ಕೈಯನ್ನು ಮೇಲೆ ಹಾಕಿ ಆ ಕಾಲನ್ನು ಎದೆಗೆ ಅವುಚಿಕೊಂಡೆ. ಬೆರಳಲ್ಲಿ ಏನೋ ಲಟಕ್ ಎಂದದ್ದು ಕೇಳಿಸಿತು. ಅವನು ನನ್ನನ್ನು ಗೋಣಿಚೀಲದಂತೆ ಎಳೆದ. ಅಷ್ಟರಲ್ಲಿ ಅಣ್ಣ ಅವನ ಸೊಂಟದ ಮೇಲೆ ಬಿದ್ದ. ಕಬಡ್ಡಿ ಕಬಡ್ಡಿ ಎಂಬುದು ಸಣ್ಣದಾಗುತ್ತ ಹೋಗಿ ನಿಂತಿತು. ಸೀಟಿ ಊದಿದರು.

ಮರುದಿನ ಬೆಳಿಗ್ಗೆ ಸಾಹೇಬರು ಮೊದಲು ಅಣ್ಣನನ್ನು ಒಳಗೆ ಕರೆದರು. ನಾನು ಹೊರಗೆ ಬೆಂಚಿನಲ್ಲಿ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಅಣ್ಣ ನಗುತ್ತ ಹೊರಬಂದು ನನ್ನ ಬೆನ್ನು ತಟ್ಟಿದ, "ನಿನ್ನ ಬಗ್ಗೆ ಭಾಳ ಛಲೋ ಹೇಳೇನಿ, ಹೋಗು." ನನ್ನ ಜೀವ ಅರ್ಧ ಹಗುರಾಯಿತು.

ಸಾಹೇಬರು ಕೂರು ಎಂದೂ ಹೇಳಲಿಲ್ಲ. "ಕೈ ತೋರಿಸು."

ತೋರಿಸಿದೆ.

"ಮುರಿದ ಕೈಯಲ್ಲಿ ಆಡಿದೆಯಂತೆ. ನಿನ್ನ ಜೋಡಿ ಹೊಗಳಿದ. ಈ ಬೆರಳಲ್ಲಿ ಮಗ್ಗದ ನೂಲು ಕಡಿದರೆ ಗಂಟು ಹಾಕುತ್ತೀಯಾ?"

"ಆಟದಲ್ಲಿ ಮುರಿದದ್ದು ಸಾಹೇಬ್ರೆ. ಗಿರಣಿಗೋಸ್ಕರ."

ಅವರು ಡಿಸ್ಪೆನ್ಸರಿಯ ರಿಜಿಸ್ಟರ್ ತರಿಸಿದರು. ಆ ವಾರದ ಹಾಳೆಗಳಲ್ಲಿ ಜ್ವರದವರು, ಕಣ್ಣಿಗೆ ಹತ್ತಿ ಬಿದ್ದವರು, ಎಲ್ಲರೂ ಇದ್ದರು. ನಾನಿರಲಿಲ್ಲ. "ಹೋಟೆಲಿನಲ್ಲಿ ಮುರಿದುಕೊಂಡಿದ್ದರೂ ನನಗೇನು ಗೊತ್ತು?" ಎಂದು ರಿಜಿಸ್ಟರ್ ಮುಚ್ಚಿದರು. ಮಗ್ಗದ ಜಾಗ ಅಣ್ಣನಿಗೆ.

ನಾನು ಹೊರಡಲಿಲ್ಲ. ಕೈಯಲ್ಲಿ ಇನ್ನೇನು ಉಳಿದಿದೆ ಎಂದು ಹುಡುಕಿದೆ. ಸೋತ ಗಿರಣಿಯ ಕ್ಯಾಪ್ಟನ್ ಹಿಂದಿನ ಸಂಜೆ ನನ್ನ ಹೆಗಲ ಮೇಲೆ ಕೈ ಹಾಕಿ ನಮ್ಮಲ್ಲಿಗೆ ಬಾ ಎಂದಿದ್ದ.

"ಹಾಗಾದ್ರೆ ಮುಂದಿನ ಸೀಸನ್ ಅವರ ಗೇಟಿಗೆ ಹೋಗ್ತೇನೆ ಸಾಹೇಬ್ರೆ."

"ಈ ಕೈಯಲ್ಲಿ?"

"ಈ ಕೈ ನೋಡಿದ್ದು ನೀವು. ಅವರು ನೋಡಿದ್ದು ಹಿಡಿತ."

ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. ನಾನು ಮಗ್ಗ ಕೇಳಲಿಲ್ಲ. ಗಿರಣಿಯಲ್ಲಿ ಕ್ಯಾಂಟೀನ್ ಇದೆ, ಅಲ್ಲಿ ಗಂಟು ಹಾಕುವ ಕೆಲಸವಿಲ್ಲ, ನನಗೆ ಹೋಟೆಲಿನ ಅಭ್ಯಾಸ ಇದೆ, ಅಲ್ಲಿ ಪರ್ಮನೆಂಟ್ ಮಾಡಿ, ಎರಡು ಸೀಸನ್ ಎಡಮೂಲೆ ನಿಮ್ಮದೇ ಎಂದೆ. ಒಂದು ಸೀಸನ್ ಆಡಿದ ಮೇಲೆ ನೋಡೋಣ ಎಂದರು. ಈಗಲೇ ಕಾಗದ ಕೊಡಿ, ಒಂದು ಸೀಸನ್ ಆಡುತ್ತೇನೆ ಎಂದೆ. ಟೈಪಿಸ್ಟ್ ಬರುವ ತನಕ ಅದೇ ಜಾಗದಲ್ಲಿ ನಿಂತಿದ್ದೆ. ಹೊರಗೆ ಹೋಗಿ ಕೂರು ಎಂದು ಎರಡು ಸಲ ಹೇಳಿದರು, ಹೋಗಲಿಲ್ಲ. ಕೊನೆಗೆ ಕಾಗದ ಕೈಗೆ ಬಂತು. ಆದರೆ ಆ ಸೀಸನ್ ಬರುವ ಮೊದಲೇ, ಪ್ರಾಕ್ಟೀಸಿನಲ್ಲಿ ಮೊಣಕಾಲು ಹೋಯಿತು. ಆವತ್ತು ಇಬ್ಬರ ಹೆಗಲ ಮೇಲೆ ಕೈ ಹಾಕಿ ನೇರ ಡಿಸ್ಪೆನ್ಸರಿಗೆ ಹೋಗಿ ಬರೆಸಿದೆ. ಗಿರಣಿಯ ಆಟದಲ್ಲೇ ಪೆಟ್ಟಾಯಿತು ಎಂಬ ಆ ಬರಹದ ಮುಂದೆ ಕ್ಯಾಂಟೀನಿನಿಂದ ನನ್ನನ್ನು ಯಾರಿಗೂ ಎಬ್ಬಿಸಲಾಗಲಿಲ್ಲ.

ಅಣ್ಣನನ್ನು ಒಮ್ಮೆ ಕೇಳಿದೆ, ಯಾಕೆ ಹೇಳಿದೆ ಎಂದು. ಅವನು ನಿಜವಾಗಿ ಬೆಚ್ಚಿದ. "ಹೊಗಳಿದ್ನಲ್ಲಪಾ. ಮುರದ ಕೈಲೆ ಹಿಡದಾನ ಅಂದ್ರ ಸಾಹೇಬ ಖುಷಿ ಆಗ್ತಾನ ಅಂದ್ಕೊಂಡೆ. ಮುಗಿಯೂ ತನಕ ಹೇಳಬ್ಯಾಡ ಅಂದಿದ್ದಿ. ಮುಗದಿತ್ತಲ್ಲ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಒಪ್ಪಂದ ಮಾಡಿದವನು ನಾನು, ಅದರ ಗಡುವು ಇಟ್ಟವನೂ ನಾನು.

ಈಗ ಬ್ಯಾಂಕು, ರೈಲ್ವೆ, ಕಾರ್ಖಾನೆ ಎಂದು ಯಾವುದಾದರೂ ತಂಡಕ್ಕೆ ಆಡಿ ಕೆಲಸ ಗಿಟ್ಟಿಸಲು ಹೊರಟವರಿಗೆ ಹೇಳುತ್ತೇನೆ. ಪೆಟ್ಟಾದ ದಿನವೇ ಅವರದೇ ಡಾಕ್ಟರ ಹತ್ತಿರ ಹೋಗಿ, ದಿನ, ಹೊತ್ತು, ಯಾವ ಆಟದಲ್ಲಿ ಎಂದು ಬರೆಸಿ, ಬರೆದದ್ದನ್ನು ಕಣ್ಣಾರೆ ಓದಿ. ಆಡಲು ಬಿಡದಿದ್ದರೆ ಆ ಒಂದು ಮ್ಯಾಚು ಹೋಗಲಿ. ಜೊತೆಯವನ ಕಿವಿಗೆ ನಿಮ್ಮ ಗುಟ್ಟು ಬಿದ್ದರೆ, ಎಲ್ಲಿಯ ತನಕ ಹೇಳಬಾರದು ಎಂದಷ್ಟೇ ಮಾತಾಡಿಕೊಳ್ಳಬೇಡಿ. ಆಮೇಲೆ ಸಾಹೇಬರು ಕೇಳಿದರೆ ಏನು ಹೇಳಬೇಕು ಅನ್ನುವುದನ್ನೂ ಇಬ್ಬರೂ ಕೂತು, ಚಹಾ ತರಿಸಿ, ಮೊದಲೇ ತೀರ್ಮಾನಿಸಿಕೊಳ್ಳಿ.