ಮಗ್ಗ ನಿಲ್ಲಿಸುವ ಮಾತು

ಯುದ್ಧ ಮುಗಿದ ಹೊಸತರಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದಿದ್ದ ನಾಟಕ ಕಂಪನಿಯಲ್ಲಿ ಅವನು ಪರದೆಯ ಹಗ್ಗ ಎಳೆಯುವವನು. ಸೀನು ಬದಲಾಯಿಸುವಷ್ಟು ಹೊತ್ತು ಪರದೆಯ ಮುಂದೆ ಒಬ್ಬನೇ ನಿಂತು ಜನರನ್ನು ನಗಿಸಬೇಕೆಂಬುದು ಅವನ ಆಸೆ. ಅದಕ್ಕಾಗಿ ತಾನೇ ಮಾತು ಕಟ್ಟಿ, ಬೆಳಗಾದರೆ ನಮ್ಮ ಬಾಗಿಲಿಗೆ ಬಂದು, ನೇಯುತ್ತಿದ್ದ ನಮ್ಮಣ್ಣನಿಗೆ ಒಪ್ಪಿಸುತ್ತಿದ್ದ. ಅಣ್ಣ ತಲೆ ಎತ್ತುತ್ತಿರಲಿಲ್ಲ.

"ಮಗ್ಗ ನಿಲ್ಲಲಿಲ್ಲ. ಹಂಗಾದ್ರೆ ಈ ಮಾತು ಬೇಡ ಬಿಡಿ," ಎಂದು ಕಿವಿ ತುರಿಸಿಕೊಂಡು ಹೊರಡುತ್ತಿದ್ದ. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ನಾನು ನಕ್ಕರೆ ಲೆಕ್ಕಕ್ಕಿಲ್ಲ. "ನೀವು ಎಲ್ಲದಕ್ಕೂ ನಗ್ತೀರಿ ಕಣಮ್ಮ."

ಕಡೆಗೊಂದು ಸಂಜೆ ಕಂಪನಿಯ ಯಜಮಾನರು ಅವಕಾಶ ಕೊಟ್ಟರು. ಜನ ನಗದಿದ್ದರೆ ಮತ್ತೆ ಹಗ್ಗವೇ ಗತಿ. ನಾವೂ ಹೋಗಿದ್ದೆವು. ಮೊದಲ ಮಾತುಗಳಿಗೆ ಯಾರೂ ನಗಲಿಲ್ಲ. ಅವನು ಕಿವಿ ತುರಿಸಿಕೊಂಡ. ಆಮೇಲೆ ಅಲ್ಲೇ ಕೂತು, ಇಲ್ಲದ ಮಗ್ಗವನ್ನು ಕಾಲಲ್ಲಿ ತುಳಿಯುತ್ತಾ, ಥೇಟ್ ನಮ್ಮಣ್ಣನ ಹಾಗೆ ಮುಖ ಗಂಟಿಕ್ಕಿದ. ತಟ್ಟನೆ ಎದ್ದು, "ಒಂಚೂರು ನಗಿ ಅಣ್ಣಾ," ಎಂದು ಆ ಖಾಲಿ ಜಾಗಕ್ಕೆ ಕೈಮುಗಿದ. ಮತ್ತೆ ಕೂತು ಲಾಳಿ ಹೊಡೆದ. ಡೇರೆಯಲ್ಲಿದ್ದವರೆಲ್ಲ ನೇಕಾರರೇ, ಬಿದ್ದು ಬಿದ್ದು ನಕ್ಕರು.

ನನಗೋ ಅಣ್ಣನ ಕಡೆ ನೋಡಲು ಹೆದರಿಕೆ. ನೋಡಿದರೆ, ಅವನು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ನಾನೇ ಕಣೇ ಅದು, ನಾನೇ!" ಎನ್ನುತ್ತಿದ್ದ.

ಮರುದಿನ ಆ ನಾಟಕದವನು ಅಳುಕುತ್ತಲೇ ಬಂದು ಬಾಗಿಲಲ್ಲಿ ನಿಂತ. ಇನ್ನೂ ಬಾಯಿ ತೆರೆದಿರಲಿಲ್ಲ. ಒಳಗೆ ಮಗ್ಗ ನಿಂತಿತು.