ನಾಲ್ಕನೇ ಪುಟದ ಆರನೇ ಸಾಲು

ನನ್ನ ತಮ್ಮ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ವಿದ್ಯಾರ್ಥಿಗಳು ಅವನಿಗಿಟ್ಟ ಹೆಸರು ‘ಪಾಯಿಂಟ್ ಮೇಷ್ಟ್ರು’. ಯಾವ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂಬ ಉತ್ತರ ಅವನ ಬಾಯಿಂದ ಬಂದದ್ದೇ ಇಲ್ಲ. ಟೀ ಬಿಸಿ ಇದೆಯೇನೋ ಎಂದರೆ “ಪಾಯಿಂಟ್ ಆರು” ಅನ್ನುತ್ತಾನೆ. ಹಸಿವಾಯಿತಾ ಎಂದರೆ “ಪಾಯಿಂಟ್ ಎಂಟು”. ಅವನ ಅಳತೆಯಲ್ಲಿ ಸೊನ್ನೆ ಎಂದರೆ ಸ್ವಲ್ಪವೂ ಇಲ್ಲ, ಒಂದು ಎಂದರೆ ಪೂರ್ತಿ. ಅವನು ಸಂಶೋಧನೆ ಮಾಡುವುದು ಫಜ್ಜಿ ಗಣಗಳ ಮೇಲೆ, ಅಂದರೆ ಗಡಿ ಖಚಿತವಿಲ್ಲದ ಗುಂಪುಗಳ ಮೇಲೆ. ನಾನೋ, ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು, ತಪ್ಪು ಕಂಡರೆ ಕೆಂಪು ಶಾಯಿ ಹಿಡಿಯುವ ಜಾತಿ. ನನಗೆ ಅವನು ತನ್ನ ವಿಷಯವನ್ನು ಹೀಗೆ ತಿಳಿಸಿದ್ದ:

“ನೋಡಕ್ಕ, ನೀನು ಎತ್ತರಾನೂ ಅಲ್ಲ, ಕುಳ್ಳೀನೂ ಅಲ್ಲ. ಹಳೇ ಗಣಿತ ನಿನ್ನನ್ನ ಯಾವುದಾದರೂ ಒಂದು ಕಡೆ ತಳ್ಳಲೇಬೇಕು. ನಮ್ಮಲ್ಲಿ ಹಾಗಿಲ್ಲ. ಎತ್ತರದವರ ಗುಂಪಲ್ಲೂ ನೀನು ಅರ್ಧ ಇರ್ತೀಯ, ಎತ್ತರ ಇಲ್ಲದವರ ಗುಂಪಲ್ಲೂ ಅರ್ಧ.”

ನನ್ನ ಎತ್ತರದ ಬಗ್ಗೆ ಅಷ್ಟು ಮರ್ಯಾದೆಯಿಂದ ಅದುವರೆಗೆ ಯಾರೂ ಮಾತಾಡಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಅವನು ಒಂದು ಪ್ರಮೇಯ ಸಾಧಿಸಿದ. ಅಚ್ಚಿಗೆ ಹೋಗುವ ಮೊದಲು ಜರ್ನಲ್ಲಿನವರು ಪ್ರೂಫ್ ಕಳಿಸಿದರು. ಪ್ರೂಫ್ ತಿದ್ದಲು ನಮ್ಮದೊಂದು ಪದ್ಧತಿಯಿದೆ. ನಾನು ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮವನ್ನೂ ಬಿಡಬಾರದು. ಅವನು ಕೈಬರಹದ ಪ್ರತಿಯ ಮೇಲೆ ಪೆನ್ಸಿಲ್ ಓಡಿಸುತ್ತಾನೆ. ಅರ್ಥ ಯೋಚಿಸುವುದು ನನ್ನ ಕೆಲಸವಲ್ಲ. ಆದರೂ ಅಂದು ನಾಲ್ಕನೇ ಪುಟದಲ್ಲಿ ನನ್ನ ನಾಲಿಗೆ ತಡೆಯಿತು. ಒಂದು ಗುಂಪಿಗೂ ಅದರ ಹೊರಗಿನವರ ಗುಂಪಿಗೂ ಒಟ್ಟಿಗೇ ಸೇರಿದವರು ಯಾರೂ ಇಲ್ಲ ಎಂದು ಅಲ್ಲಿ ಬರೆದಿತ್ತು.

“ಏನೋ ಇದು? ಎರಡರಲ್ಲೂ ಅರ್ಧರ್ಧ ನಾನಿದ್ದೀನಿ ಅಂದಿದ್ದೆಯಲ್ಲ?”

“ಮುಂದೆ ಓದಕ್ಕ,” ಎಂದ. ಸಂಜೆಯೊಳಗೆ ಪ್ರೂಫ್ ಕಳಿಸುವ ಅವಸರ ಅವನಿಗೆ.

ನಾನು ಓದಿದೆ. ಶಾಲೆ ಟೀಚರು ಪಂಡಿತರ ಮುಂದೆ ಬಾಯಿ ಹಾಕಬಾರದು ಎಂದುಕೊಂಡೆ. ಆ ಪ್ರಮೇಯದಿಂದ ಅವನಿಗೆ ಹೆಸರು ಬಂತು. ಅದನ್ನು ನಂಬಿ ಬೇರೆಯವರು ಅರವತ್ತೆರಡು ಪೇಪರು ಬರೆದರು. ನಾನೂ ಬೀದಿಯಲ್ಲಿ ಸ್ವಲ್ಪ ಕತ್ತೆತ್ತಿಯೇ ಓಡಾಡಿದೆ.

ಈ ವರ್ಷ ಒಂದು ಭಾನುವಾರ ಬೆಳಿಗ್ಗೆ ತಮ್ಮನ ಹೆಂಡತಿ ಮಹಡಿಯಿಂದ ಇಳಿದು ಬಂದಳು. ಅವರು ಮೇಲಿನ ಮನೆ, ನಾನು ಕೆಳಗಿನ ಮನೆ.

“ಅತ್ತಿಗೆ, ಇವರು ಫೋನನ್ನ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದಾರೆ. ಮೂರು ವಾರದಿಂದ ಸರಿಯಾಗಿ ಊಟ ಇಲ್ಲ. ಏನು ಅಂತ ನೀವೇ ಕೇಳಿ, ನನಗೆ ಹೇಳಲ್ಲ.”

ಅವನ ಕೋಣೆಗೆ ಹೋದೆ. ಕಿಟಕಿ ಮುಚ್ಚಿತ್ತು. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ್ದ. ತಮ್ಮನ ಮುಖ ಬಾಡಿ ಹೋಗಿತ್ತು. ಏನೋ ದೊಡ್ಡ ಕಾಯಿಲೆಯೇ ಇರಬೇಕು ಎಂದುಕೊಂಡೆ.

ಕಾಯಿಲೆಯಲ್ಲ, ಒಂದು ಪೇಪರು. ಜರ್ನಲ್ಲಿಗೆ ಬಂದ ಲೇಖನ ಸರಿಯಿದೆಯೇ ಎಂದು ಪರೀಕ್ಷಿಸಲು ಸಂಪಾದಕರು ಅದನ್ನು ವಿಷಯ ಬಲ್ಲ ಇನ್ನೊಬ್ಬರಿಗೆ ಕಳಿಸುತ್ತಾರೆ. ಬರೆದವರು ಯಾರೆಂದು ಪರೀಕ್ಷಕರಿಗೆ ಹೇಳುವುದಿಲ್ಲ, ಪರೀಕ್ಷಕರು ಯಾರೆಂದು ಬರೆದವರಿಗೂ ಹೇಳುವುದಿಲ್ಲ. ಈ ಸಲದ ಲೇಖನ ಹೇಳುತ್ತಿದ್ದುದು ಒಂದೇ ಮಾತು, ನನ್ನ ತಮ್ಮನ ಪ್ರಮೇಯ ತಪ್ಪು ಎಂದು. ಅದನ್ನು ಸಂಪಾದಕರು ಅವನಿಗೇ ಕಳಿಸಿದ್ದರು, ಈ ವಿಷಯದಲ್ಲಿ ನಿಮಗಿಂತ ತಿಳಿದವರಿಲ್ಲ ಎಂಬ ಹೊಗಳಿಕೆಯೊಂದಿಗೆ. ಕೊಟ್ಟ ಗಡುವು ಇಪ್ಪತ್ತೊಂದು ದಿನ. ಅದು ಅಂದಿಗೆ ಮುಗಿಯುತ್ತಿತ್ತು; ಅದನ್ನು ನೆನಪಿಸುವ ಸಂದೇಶ ಕಾಣಬಾರದೆಂದೇ ಫೋನು ಅಕ್ಕಿ ಡಬ್ಬಿ ಸೇರಿತ್ತು. ಮಂಗಳವಾರ ಅವನಿಗೆ ಪ್ರೊಫೆಸರ್ ಹುದ್ದೆಯ ಸಂದರ್ಶನ, ಅರ್ಜಿಯ ಮೊದಲ ಸಾಲಿನಲ್ಲೇ ಆ ಪ್ರಮೇಯ.

“ಪ್ರಕಟಣೆಗೆ ಯೋಗ್ಯವಲ್ಲ ಅಂತ ಬರೆದರೆ ಮುಗೀತು, ಅಕ್ಕ. ಯಾರಿಗೂ ಗೊತ್ತಾಗಲ್ಲ.” ಅವನು ಕಂಪ್ಯೂಟರಿನ ಮೇಲಿನ ಟವೆಲನ್ನು ಇನ್ನಷ್ಟು ಕೆಳಗೆಳೆದ. “ಮೊದಲ ಅರ್ಧ ಓದಿ ಮುಚ್ಚಿಬಿಟ್ಟೆ. ಮುಂದೆ ಓದೋಕೆ ಧೈರ್ಯ ಬರ್ತಿಲ್ಲ.”

ಹಾಗೇ ಬರೆದುಬಿಡೋ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಸುಳ್ಳೇಕೆ ಹೇಳಲಿ? ನನಗೂ ಅಷ್ಟೇ ಭಯವಾಗಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಹೇಳಿದ ಬಾಯಿ ಇದು.

“ನೀನು ಓದು,” ಎಂದು ಅವನು ಟವೆಲ್ ತೆಗೆದ. “ಪ್ರೂಫ್ ಓದೋ ಹಾಗೆ. ನಾನು ಕೇಳ್ತೀನಿ.” ತನ್ನ ಹಳೆಯ ಪೇಪರನ್ನು ತೊಡೆಯ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದ.

ಓದಿದೆ. ಹೆಸರಿಲ್ಲದ ಆ ಬರಹಗಾರರು ಬಹಳ ವಿನಯದವರು, ಪ್ರತಿ ಪುಟದಲ್ಲೂ ಎರಡೆರಡು ಸಲ ಕ್ಷಮೆ ಕೇಳಿದ್ದರು. ಕೊನೆಗೆ ಉದಾಹರಣೆ ಬಂತು. ಒಂದು ಪುಟ್ಟ ಗುಂಪು, ಲೆಕ್ಕಕ್ಕೆ ತೆಗೆದುಕೊಂಡವರು ಮೂರೇ ಜನ. ಮೊದಲನೆಯವರು ಪೂರ್ತಿ ಒಳಗೆ, ಎರಡನೆಯವರು ಪೂರ್ತಿ ಹೊರಗೆ, ಮೂರನೆಯವರು ಪಾಯಿಂಟ್ ಐದು. ನನ್ನ ನಾಲಿಗೆ ಮತ್ತೆ ತಡೆಯಿತು. ಆ ಮೂರನೆಯವಳು ನಾನೇ. ಎರಡು ಗುಂಪಿನಲ್ಲೂ ಅರ್ಧರ್ಧ ನಿಂತು, ಅವನ ಹದಿನಾಲ್ಕು ವರ್ಷದ ಪ್ರಮೇಯವನ್ನು ಕೆಡವುತ್ತಿದ್ದೆ.

ತಲೆಯೆತ್ತಲು ಹೆದರಿ, ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋದೆ.

“ನಿಲ್ಲು,” ಎಂದ. ಪೆನ್ಸಿಲ್ ನಾಲ್ಕನೇ ಪುಟದ ಆರನೇ ಸಾಲಿನ ಮೇಲಿತ್ತು. “ಅವತ್ತೂ ನೀನು ಇಲ್ಲೇ ನಿಲ್ಲಿಸಿದ್ದೆ.”

ಅವನು ಮರೆತಿರಲಿಲ್ಲ. ಇಷ್ಟು ವರ್ಷ ಆ ಅನುಮಾನವನ್ನು ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ತಿಳಿದಿದ್ದೆ. ನನ್ನ ಕಣ್ಣು ತುಂಬಿ ಬಂತು.

“ನಾನು ಇನ್ನೊಂದು ಸಲ ಕೇಳಬೇಕಿತ್ತು ಕಣೋ.”

“ನಾನು ಒಂದೇ ಸಲಕ್ಕೆ ಕೇಳಿಸ್ಕೋಬೇಕಿತ್ತು.”

ಪರೀಕ್ಷಕರ ಫಾರಮ್ಮು ತೆರೆದ. ಈ ಲೇಖನದ ಮುಖ್ಯ ಫಲಿತಾಂಶ ಸರಿಯಿದೆಯೇ ಎಂಬ ಪ್ರಶ್ನೆಯ ಎದುರು ಎರಡೇ ಚೌಕ, ಹೌದು ಮತ್ತು ಇಲ್ಲ. ನಡುವೆ ಏನೂ ಇರಲಿಲ್ಲ. ‘ಹೌದು’ ಒತ್ತಿದ. ಕೆಳಗೆ ಸಂಪಾದಕರಿಗೆ ಮಾತ್ರ ಕಾಣುವ ಜಾಗದಲ್ಲಿ ಬರೆದ: ಇಲ್ಲಿ ತಪ್ಪೆಂದು ತೋರಿಸಿರುವ ಪ್ರಮೇಯ ನನ್ನದು, ತಪ್ಪು ನಿಜ, ಹಳೆಯ ಲೇಖನಕ್ಕೆ ನನ್ನ ತಿದ್ದುಪಡಿಯನ್ನೂ ಅಚ್ಚು ಹಾಕಿ. ಆಮೇಲೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಹಾಗೇ ಕೂತುಬಿಟ್ಟ.

ಅವನನ್ನು ಕೊಂಚ ನಗಿಸೋಣವೆಂದು ಕೇಳಿದೆ: “ಹೆದರಿಕೆ ಎಷ್ಟಿದೆಯೋ?”

“ಒಂದು,” ಎಂದ. “ಪೂರ್ತಿ ಒಂದು, ಅಕ್ಕ.”

ಆ ಅಂಕಿಯನ್ನು ಅವನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟೆ, ಅವನು ಗುಂಡಿ ಒತ್ತಿದ.